ಗುಂಬಜಿನ ಮೂಲ ರೂಪ ಯಾವುದು?

ಹಳೆಯ ಕಟ್ಟಡಗಳ ದುರಸ್ತಿಯ ಮಾತು ಬಂದಾಗಲೆಲ್ಲ ಮೈಸೂರಿನಲ್ಲಿ ತಪ್ಪದೆ ಕೇಳಿಬರುವ ಬೇಡಿಕೆ ಒಂದೇ: ಮೂಲ ರೂಪಕ್ಕೆ ಧಕ್ಕೆಯಾಗಬಾರದು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾದಾಗಲೂ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಾಗಲೂ ಈ ಮಾತು ಎದ್ದಿತು. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂದವರೂ ಅದನ್ನೇ ಹೇಳಿದರು, ಇದ್ದುದನ್ನೇ ಬಲಪಡಿಸಿ ಉಳಿಸಬೇಕೆಂದವರೂ ಅದನ್ನೇ ಹೇಳಿದರು. ಅರಮನೆ, ಮಾರುಕಟ್ಟೆ, ಕಚೇರಿಗಳಿಗೆ ಈ ಮಾತು ಒಂದು ಮಟ್ಟಿಗೆ ಸಲ್ಲುತ್ತದೆ. ಅವಕ್ಕೊಂದು ನಕ್ಷೆ ಇತ್ತು, ಕಟ್ಟಿ ಮುಗಿಸಿದ ದಿನ ಇತ್ತು, ಆ ದಿನ ಅವು ಹೇಗಿದ್ದವೆಂದು ಕೇಳಬಹುದು. ಆದರೆ ಒಂದು ಮನೆತನದ ಗೋರಿಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಅಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದು ಸೇರುತ್ತಾರೆ. ಪ್ರತಿಯೊಂದು ಸಾವೂ ಕಟ್ಟಡಕ್ಕೆ ಏನನ್ನಾದರೂ ಕೂಡಿಸುತ್ತದೆ. ಮೈಸೂರಿನಿಂದ ಅರ್ಧ ಗಂಟೆಯ ದಾರಿಯಲ್ಲಿ, ಶ್ರೀರಂಗಪಟ್ಟಣದ ದ್ವೀಪದ ಪೂರ್ವಕ್ಕೆ, ಗಂಜಾಂನ ಲಾಲ್‌ಬಾಗ್‌ನಲ್ಲಿ ನಿಂತಿರುವ, ಹೈದರ್ ಅಲಿ ಮತ್ತು ಟಿಪ್ಪುವಿನ ಮನೆತನದ ಗುಂಬಜ್ ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ. ಅದನ್ನು ಯಾವ ಒಂದು ವರ್ಷದ ರೂಪಕ್ಕೆ ಮರಳಿಸಿದರೂ ಅದರ ಇನ್ನೊಂದು ಭಾಗವನ್ನು ಕಳೆದುಕೊಳ್ಳುತ್ತೇವೆ ಎಂಬುದು ಈ ಲೇಖನದ ವಾದ.

ಹೈದರ್ ಅಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು, ಎರಡನೆಯ ಮೈಸೂರು ಯುದ್ಧದ ನಡುವೆ, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ. ಮಗ ಟಿಪ್ಪು ಆಗ ಮಲಬಾರಿನ ಕಡೆ ಇದ್ದ. ದಂಡು ಚದುರಿಹೋಗದಿರಲೆಂದು ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟು, ಶವವನ್ನು ಮೊದಲು ಕೋಲಾರಕ್ಕೆ, ಹೈದರನ ತಂದೆ ಫತೇ ಮುಹಮ್ಮದನ ಗೋರಿಯಿರುವ ಮಕ್ಬರಾಕ್ಕೆ ಒಯ್ದರು. ಅಲ್ಲಿಂದ ಮುಂದೆ ಅದು ಶ್ರೀರಂಗಪಟ್ಟಣಕ್ಕೆ ಬಂತು. ಟಿಪ್ಪು 1784ರ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ಎತ್ತರದ ಚೌಕ ಕಟ್ಟೆಯ ಮೇಲೆ ಈಗ ನಾವು ನೋಡುವ ಕಟ್ಟಡವನ್ನು ಎಬ್ಬಿಸಿದ. ಸುತ್ತ ಮೊಗಸಾಲೆಗೆ ಮೂವತ್ತಾರು ಕಪ್ಪು ಕಲ್ಲಿನ ಕಂಬಗಳು, ಅದೇ ಕಲ್ಲಿನಲ್ಲಿ ಕೊರೆದ ಜಾಲಂದ್ರಗಳು, ಮೇಲೆ ಗಾರೆಯ ಗುಮ್ಮಟ, ಒಳಗೋಡೆಗೆ ಹುಲಿಪಟ್ಟೆಯ ಬಣ್ಣ. ಕನ್ನಡಿಯಂತೆ ನುಣುಪಾದ ಆ ಕಪ್ಪು ಕಲ್ಲು ಬಂದದ್ದು ತುಮಕೂರು ಸೀಮೆಯ ತುರುವೇಕೆರೆಯ ಬಳಿಯ ಕರೇಕಲ್ಲು ಗುಡ್ಡದಿಂದ. ಪಾರಸೀ ಮಾದರಿಯ ಕಟ್ಟಡ ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಅದನ್ನು ಹೊತ್ತಿರುವ ಕಲ್ಲು ಮಾತ್ರ ಅಪ್ಪಟ ಕನ್ನಡ ನೆಲದ್ದು.

ಇಲ್ಲಿ ಒಂದು ಸರಳ ಸಂಗತಿಯನ್ನು ನೆನಪಿಡಬೇಕು. 1784ರಲ್ಲಿ ಟಿಪ್ಪು ಬದುಕಿದ್ದ. ಅವನು ಕಟ್ಟಿಸಿದ್ದು ತಂದೆತಾಯಿಯರ ಗೋರಿಯನ್ನು. ನಡುವೆ ಹೈದರ್, ಪಕ್ಕದಲ್ಲಿ ಕಡಪದ ಅಧಿಕಾರಿಯೊಬ್ಬನ ಮಗಳಾಗಿದ್ದ ಪತ್ನಿ ಫಕ್ರುನ್ನೀಸಾ. 1799ರ ಮೇ 4ರಂದು ಕೋಟೆ ಬ್ರಿಟಿಷರ ವಶವಾಗಿ, ಟಿಪ್ಪು ಬಾಗಿಲ ಬಳಿಯ ಹೆಣಗಳ ರಾಶಿಯಲ್ಲಿ ಸಿಕ್ಕ ಮೇಲೆ, ಮರುದಿನ ಗೆದ್ದವರ ಸೈನಿಕ ಮರ್ಯಾದೆಯೊಂದಿಗೆ ಅವನನ್ನು ತಂದು ತಂದೆಯ ಇನ್ನೊಂದು ಪಕ್ಕದಲ್ಲಿ ಹೂಳಿದರು. ಹಾಗಾಗಿ ಗುಂಬಜನ್ನು ಮೂಲ ರೂಪಕ್ಕೆ, ಎಂದರೆ ಕಟ್ಟಿಸಿದವನು ಕಂಡ ರೂಪಕ್ಕೆ ಮರಳಿಸಬೇಕೆಂದು ಯಾರಾದರೂ ಹೊರಟರೆ, ಜನ ಅಲ್ಲಿಗೆ ಯಾರನ್ನು ನೋಡಲು ಬರುತ್ತಾರೋ ಆ ವ್ಯಕ್ತಿಯ ಗೋರಿಯೇ ಇರಬಾರದು. ಇಂಥದನ್ನು ಯಾರೂ ಕೇಳುವುದಿಲ್ಲ, ನಿಜ. ಆದರೆ ಕೇಳುವುದಿಲ್ಲ ಎಂಬುದೇ ನಾವು ಒಳಗೊಳಗೆ ಒಂದು ಸಂಗತಿಯನ್ನು ಒಪ್ಪಿದ್ದೇವೆ ಎಂಬುದಕ್ಕೆ ರುಜುವಾತು: ಕಟ್ಟಿದ ಮೇಲೆ ಬಂದು ಸೇರಿದ್ದು ಸಹ ಈ ಸ್ಮಾರಕದ ಅಂಗ. ಟಿಪ್ಪುವಿನ ಗೋರಿಗೆ ಒಪ್ಪಿದ ಈ ನ್ಯಾಯವನ್ನು ಉಳಿದ ಸೇರ್ಪಡೆಗಳಿಗೆ ಏಕೆ ಅನ್ವಯಿಸಬಾರದು?

ಉಳಿದ ಸೇರ್ಪಡೆಗಳು ಕಡಿಮೆಯೇನಲ್ಲ. ಒಳಗಿನ ಮೂರು ಗೋರಿಗಳನ್ನು ಸುತ್ತಿ ಹೊರಬಂದವರು ಸಾಮಾನ್ಯವಾಗಿ ಮೆಟ್ಟಿಲಿಳಿದು ನೇರ ವಾಹನಕ್ಕೆ ನಡೆಯುತ್ತಾರೆ. ಆದರೆ ಮೊಗಸಾಲೆಯಲ್ಲಿ, ಕಟ್ಟೆಯ ಮೇಲೆ, ತೋಟದಲ್ಲಿ ಇಡೀ ಒಂದು ಕುಟುಂಬವೇ ಮಲಗಿದೆ. ಟಿಪ್ಪುವಿನ ಸೋದರಿ ಸುಲ್ತಾನ್ ಬೇಗಂ ಅಲ್ಲಿದ್ದಾಳೆ. ಅವನ ಪತ್ನಿ ರುಖಯ್ಯಾ ಬಾನು ಅಲ್ಲಿದ್ದಾಳೆ. ಅವಳ ಸೋದರ, 1790ರಲ್ಲಿ ಸತ್ಯಮಂಗಲದ ಕಾಳಗದಲ್ಲಿ ಮಡಿದ ಸೇನಾನಿ ಬುರ್ಹಾನುದ್ದೀನ್ ಅಲ್ಲಿದ್ದಾನೆ. ಅಳಿಯಂದಿರು, ಮಕ್ಕಳು, ಸರದಾರರು ಇದ್ದಾರೆ. ಟಿಪ್ಪುವಿಗೆ ಹಾಲೂಡಿಸಿದ ಸಾಕುತಾಯಿ ಮದೀನಾ ಬೇಗಂಳಿಗೆ ಪ್ರತ್ಯೇಕ ಗೋರಿಯೇ ಇದೆ. ರಾಜನಾದವನು ದಾಯಿಗೆ ತನ್ನ ತಂದೆತಾಯಿಯರ ತೋಟದಲ್ಲಿ ಜಾಗ ಕೊಟ್ಟದ್ದು ಯುದ್ಧದ ಚರಿತ್ರೆಗಳಲ್ಲಿ ಸಿಗುವ ಸಂಗತಿಯಲ್ಲ. ಆ ಮನೆಯಲ್ಲಿ ಯಾರನ್ನು ತಮ್ಮವರೆಂದು ಎಣಿಸುತ್ತಿದ್ದರು ಎಂಬುದು ಈ ಗೋರಿಗಳ ಸಾಲಿನಿಂದ ತಿಳಿಯುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ತಿಳಿಯುವುದಿಲ್ಲ. ಗುಮ್ಮಟವನ್ನು ಮಾತ್ರ ಸ್ಮಾರಕವೆಂದು, ಉಳಿದದ್ದನ್ನು ಅದರ ಅಂಗಳವೆಂದು ತಿಳಿದು ಕೆಲಸ ಮಾಡಿದರೆ ಕಳೆದುಹೋಗುವುದು ಈ ತಿಳಿವಳಿಕೆ.

ತೋಟದ ಕತೆ ಇನ್ನೂ ಕಠಿಣವಾದದ್ದು. ಗೋರಿಯ ಸುತ್ತ ಸಾಲುಸಾಲಾಗಿ ಸೈಪ್ರಸ್ ಮರಗಳನ್ನು ಬೆಳೆಸಿ, ನಡುವೆ ಹಾದಿ ಬಿಟ್ಟು ಮಾಡಿದ ಲಾಲ್‌ಬಾಗ್ ಟಿಪ್ಪುವಿಗೆ ಬಹಳ ಪ್ರಿಯವಾದ ಜಾಗ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ದ್ವೀಪದ ಪೂರ್ವ ಭಾಗವನ್ನು ಹಿಡಿದಾಗ ಆ ತೋಟ ಶತ್ರುವಿನ ಪಾಳೆಯವಾಯಿತು. ಮುತ್ತಿಗೆಯ ಮೋರ್ಚಾಗಳಿಗೆ ಕಟ್ಟಿಗೆಯ ಕಂತೆ, ಬುಟ್ಟಿಗಳು ಬೇಕಾಗಿದ್ದವು. ಮರಗಳನ್ನು ಕಡಿದು ಅವನ್ನು ಮಾಡಿದರು. ತೋಟದ ಅರಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿದರು. ರುಖಯ್ಯಾ ಬಾನು ತೀರಿಕೊಂಡದ್ದೂ ಆ ಮುತ್ತಿಗೆಯ ದಿನಗಳಲ್ಲೇ. ತೋಟದ ಆ ಅರಮನೆ ಈಗ ಇಲ್ಲ. ಈಗಿರುವ ಮರಗಳು, ಹುಲ್ಲುಹಾಸು, ಹಾದಿ ಇವೆಲ್ಲ ಆಮೇಲಿನವರ ಕೆಲಸ. ಆದ್ದರಿಂದ ತೋಟವನ್ನು 1784ಕ್ಕೆ ಮರಳಿಸುತ್ತೇವೆ ಎನ್ನುವುದು ನಮ್ಮ ಕಲ್ಪನೆಯನ್ನು ನೆಟ್ಟು ನೀರೆರೆದಂತೆ. ಬೇಕಾಗಿರುವುದು ಕಲ್ಪನೆಯ ತೋಟವಲ್ಲ. ಮಣ್ಣಿನಡಿ ಹಳೆಯ ಹಾದಿಯ, ಕಾಲುವೆಯ, ತೊಟ್ಟಿಯ ಗುರುತುಗಳಿದ್ದರೆ ಅವನ್ನು ಪತ್ತೆಮಾಡಿ, ಆಳವಾಗಿ ಬೇರು ಬಿಡುವ ಗಿಡಗಳನ್ನು ಗೋರಿಗಳಿಂದ ದೂರವಿಟ್ಟು, ಇಲ್ಲಿ ಇಂಥದೊಂದು ನಡೆಯಿತು ಎಂದು ಬಂದವರಿಗೆ ತಿಳಿಯುವಂತೆ ಮಾಡಿದರೆ ಅದೇ ದೊಡ್ಡ ಕೆಲಸ.

ಅತ್ಯಂತ ಕಷ್ಟದ ಪ್ರಶ್ನೆ ಬಾಗಿಲುಗಳದು. ಗುಂಬಜಿನ ಬಾಗಿಲುಗಳು ಕರಿಮರದವು, ಮೇಲೆ ದಂತದ ಕುಸುರಿ. ಅವನ್ನು ಕೊಟ್ಟವನು ಗವರ್ನರ್ ಜನರಲ್ ಡಾಲ್‌ಹೌಸಿ. 1855ರಲ್ಲಿ ಮೈಸೂರು ಸೀಮೆಯ ಪ್ರವಾಸಕ್ಕೆ ಬಂದಿದ್ದ ಅವನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರಗಳನ್ನೂ ದುರಸ್ತಿ ಮಾಡಿಸಿದ. ಸಂಸ್ಥಾನಗಳನ್ನು ಒಂದೊಂದಾಗಿ ನುಂಗಿದ ಮನುಷ್ಯ ಈಸ್ಟ್ ಇಂಡಿಯಾ ಕಂಪನಿಯ ಕಡುವೈರಿಯ ಗೋರಿಗೆ ಬಾಗಿಲು ಕೊಡಿಸಿದ್ದು ಹಲವರಿಗೆ ನುಂಗಲಾಗದ ತುತ್ತು. ಗೆದ್ದವನ ದಾನವನ್ನು ಸೋತವನ ಗೋರಿಯ ಬಾಯಲ್ಲಿ ಏಕೆ ಇಟ್ಟುಕೊಳ್ಳಬೇಕು ಎಂಬ ಆಕ್ಷೇಪದಲ್ಲಿ ಸ್ವಾಭಿಮಾನವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದೇ ಕಂಪನಿಯ ಆಡಳಿತದಲ್ಲಿ ಟಿಪ್ಪುವಿನ ಅರಮನೆಯ ತೊಲೆಗಳು ನೀಲಗಿರಿಯ ಬೆಟ್ಟವೇರಿ ಊಟಿಯ ಸೇಂಟ್ ಸ್ಟೀಫನ್ ಚರ್ಚಿನ ಚಾವಣಿಗೆ ಹೋದವು ಎಂಬುದನ್ನು ನೆನೆದರೆ ಆಕ್ಷೇಪಕ್ಕೆ ಇನ್ನಷ್ಟು ಬಲ ಬರುತ್ತದೆ. ಆದರೂ ಬಾಗಿಲುಗಳು ಅಲ್ಲೇ ಇರಬೇಕು. ಅರಮನೆಯನ್ನು ಬಿಚ್ಚಿದವರು ಗೋರಿಯನ್ನು ಮುಟ್ಟಲಿಲ್ಲ, ಅರ್ಧ ಶತಮಾನ ಕಳೆದ ಮೇಲೂ ಅದಕ್ಕೆ ಮರ್ಯಾದೆ ತೋರಿಸುವುದು ತಮಗೆ ಅಗತ್ಯವೆಂದು ಕಂಡುಕೊಂಡರು ಎಂಬ ಸಂಗತಿಗೆ ಆ ಬಾಗಿಲುಗಳೇ ಗಟ್ಟಿಯಾದ ದಾಖಲೆ. ಸತ್ತು ಐವತ್ತಾರು ವರ್ಷವಾದರೂ ಟಿಪ್ಪುವಿನ ಹೆಸರು ಆಳುವವರ ಮನಸ್ಸಿನಲ್ಲಿ ಎಷ್ಟು ತೂಕದ್ದಾಗಿತ್ತು ಎಂಬುದು ಅವುಗಳಿಂದ ತಿಳಿಯುತ್ತದೆ. ಅವನ್ನು ಕಳಚಿ ಊಹೆಯ ಮೇಲೆ ಹೊಸ ‘ಮೂಲ’ ಬಾಗಿಲು ಕೂರಿಸಿದರೆ ಒಂದು ನಿಜವನ್ನು ಕಿತ್ತು ಒಂದು ಸುಳ್ಳನ್ನು ನೆಟ್ಟ ಹಾಗಾಗುತ್ತದೆ.

ಈ ನ್ಯಾಯ ನಮಗೆ ಹೊಸದೇನೂ ಅಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅದರ ಮಹಾದ್ವಾರ ದಾಳಿಯಲ್ಲಿ ಸುಟ್ಟುಹೋಗಿ, ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ ಅದನ್ನು 1397ರಲ್ಲಿ ಏಳು ನೆಲೆಯ ಗೋಪುರವಾಗಿ ಮತ್ತೆ ಕಟ್ಟಿಸಿದ, ಕಟ್ಟಿಸಿದ್ದನ್ನು ಶಾಸನದಲ್ಲಿ ಬರೆಸಿದ. ಇಂದು ಬೇಲೂರಿಗೆ ಹೋದವರು ಮೊದಲು ಕಾಣುವುದು ಹೊಯ್ಸಳರ ಕಲ್ಲನ್ನಲ್ಲ, ಆ ವಿಜಯನಗರದ ಗೋಪುರವನ್ನು. ಅದು ಮೂಲದ್ದಲ್ಲ, ಆದ್ದರಿಂದ ತೆಗೆಯಿರಿ ಎಂದು ಯಾರೂ ಹೇಳಿಲ್ಲ. ಸುಟ್ಟದ್ದು ಒಂದು ಚರಿತ್ರೆ, ಕಟ್ಟಿದ್ದು ಇನ್ನೊಂದು ಚರಿತ್ರೆ ಎಂದು ಎರಡನ್ನೂ ಒಪ್ಪಿಕೊಂಡಿದ್ದೇವೆ. ಯಾರು ಜೀರ್ಣೋದ್ಧಾರ ಮಾಡಿಸಿದರು, ಯಾವ ಶಕವರ್ಷದಲ್ಲಿ, ಏನು ಬಿಟ್ಟುಕೊಟ್ಟರು ಎಂದು ಕಲ್ಲಿನಲ್ಲಿ ಬರೆಸುವುದು ಈ ನಾಡಿನ ಹಳೆಯ ಶಿಸ್ತು. 1964ರಲ್ಲಿ ವೆನಿಸ್‌ನಲ್ಲಿ ಸೇರಿದ ತಜ್ಞರು ಸ್ಮಾರಕ ರಕ್ಷಣೆಯ ಸನ್ನದಿನಲ್ಲಿ ಬರೆದುಕೊಂಡದ್ದು ಸಹ ಹೆಚ್ಚುಕಡಿಮೆ ಇದನ್ನೇ: ಎಲ್ಲ ಕಾಲಗಳ ಸಾರ್ಥಕ ಸೇರ್ಪಡೆಗಳನ್ನು ಗೌರವಿಸಬೇಕು, ಒಂದೇ ಶೈಲಿಗೆ ತರುವುದು ಗುರಿಯಾಗಬಾರದು, ಊಹೆ ಶುರುವಾಗುವ ಕಡೆ ಪುನರ್ನಿರ್ಮಾಣ ನಿಲ್ಲಬೇಕು.

ಪುರಾತನ ಗ್ರೀಕರ ಕುಟುಂಬ ಗೋರಿಗಳಲ್ಲೂ ಈ ಮಾತಿಗೆ ಪುರಾವೆ ಸಿಗುತ್ತದೆ. ಅಥೆನ್ಸ್ ನಗರದ ಹಳೆಯ ಗೋಡೆಯ ಹೊರಗೆ ಕೆರಮೈಕೋಸ್ ಎಂಬ ಸ್ಮಶಾನವಿದೆ. ಅಲ್ಲಿ ಒಂದೊಂದು ಮನೆತನವೂ ಬೀದಿಯ ಬದಿಗೆ ಒಂದೊಂದು ಕಟ್ಟೆ ಕಟ್ಟಿಕೊಂಡು ತಮ್ಮವರ ನೆನಪಿನ ಕಲ್ಲುಗಳನ್ನು ನಿಲ್ಲಿಸುತ್ತಿತ್ತು. ಅವುಗಳಲ್ಲಿ ಹೆಸರಾದದ್ದು ಡೆಕ್ಸಿಲೇಯೋಸ್ ಎಂಬ ಇಪ್ಪತ್ತರ ಹರೆಯದ ಕುದುರೆ ಸವಾರನದು. ಕ್ರಿ.ಪೂ. 394ರಲ್ಲಿ ಕೊರಿಂಥ್‌ನ ಯುದ್ಧದಲ್ಲಿ ಸತ್ತ ಅವನು ಶತ್ರುವನ್ನು ಕುದುರೆಯ ಕಾಲಡಿ ಕೆಡವುವ ಶಿಲ್ಪವನ್ನು ಕಟ್ಟೆಯ ಮೂಲೆಯಲ್ಲಿ ಎತ್ತರಕ್ಕೆ ನಿಲ್ಲಿಸಿದ್ದರು. ನೋಡಿದವರು ಅದನ್ನು ಅವನೊಬ್ಬನ ಸ್ಮಾರಕ ಎಂದೇ ತಿಳಿಯುತ್ತಾರೆ. ಆದರೆ ಅದೇ ಕಟ್ಟೆಯ ಮೇಲೆ ಆಮೇಲೆ ಅವನ ಒಡಹುಟ್ಟಿದವರ ಕಲ್ಲುಗಳೂ ಬಂದವು. ಅಣ್ಣತಮ್ಮಂದಿರ ಹೆಸರುಗಳಿವೆ, ಮೆಲಿಟ್ಟಾ ಎಂಬ ಸೋದರಿಯ ಹೆಸರಿದೆ. ಸಂರಕ್ಷಕರು ಮೂಲ ಶಿಲ್ಪವನ್ನು ಮಳೆ, ಹೊಗೆಗಳಿಂದ ಕಾಪಾಡಲು ಪಕ್ಕದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ಜಾಗದಲ್ಲಿ ಅದರ ಅಚ್ಚನ್ನು ಇಟ್ಟರು. ಕಟ್ಟೆಯನ್ನು ಕಟ್ಟೆಯಾಗಿಯೇ ಉಳಿಸಿಕೊಂಡರು. ಪಿರೇಯಸ್ಸಿನ ದಾರಿಯಲ್ಲಿ ಕಲ್ಲಿಥೇಯ ಎಂಬಲ್ಲಿ 1968ರಲ್ಲಿ ಸಿಕ್ಕ ಇನ್ನೊಂದು ಕುಟುಂಬ ಸ್ಮಾರಕದ ದಾರಿ ಬೇರೆ. ಕಪ್ಪು ಸಮುದ್ರದ ದಂಡೆಯ ಇಸ್ತ್ರಿಯದಿಂದ ಬಂದು ನೆಲೆಸಿದ್ದ ನಿಕೇರಟೋಸ್ ಮತ್ತು ಅವನ ಮಗ ಪೋಲಿಕ್ಸೇನೋಸ್‌ಗಾಗಿ ಎದ್ದ ಅದು ಎಂಟು ಮೀಟರಿಗೂ ಎತ್ತರ. ಅದರ ತುಣುಕುಗಳನ್ನು ಪಿರೇಯಸ್ಸಿನ ವಸ್ತುಸಂಗ್ರಹಾಲಯದೊಳಗೆ ಜೋಡಿಸಿ ನಿಲ್ಲಿಸಿದ್ದಾರೆ. ಸುತ್ತ ಅದರ ಬೀದಿಯಿಲ್ಲ, ಕೆಳಗೆ ಗೋರಿಯ ನೆಲವಿಲ್ಲ. ಅಲ್ಲಿ ಬೇರೆ ದಾರಿ ಇರಲಿಲ್ಲ, ಸ್ಮಾರಕ ಎಂದೋ ಕುಸಿದು ತುಂಡಾಗಿತ್ತು. ಮುಂದೆ ಅಥೆನ್ಸಿನಲ್ಲಿ ಇಂಥ ಅದ್ದೂರಿ ಗೋರಿಗಳನ್ನೇ ಫಲೇರಮ್ಮಿನ ದೆಮೆಟ್ರಿಯೋಸ್ ಕಾನೂನು ಮಾಡಿ ನಿಲ್ಲಿಸಿದ್ದರಿಂದ ಆ ಬಗೆಯದು ಮತ್ತೆ ಎದ್ದದ್ದೂ ಇಲ್ಲ.

ಗುಂಬಜ್ ಬಿದ್ದ ಕಟ್ಟಡವಲ್ಲ, ಕಲ್ಲು ಕಲ್ಲಾಗಿ ಆಯ್ದು ಜೋಡಿಸಬೇಕಾದದ್ದಲ್ಲ. ಅದು ತನ್ನ ನೆಲದಲ್ಲೇ ನಿಂತಿದೆ, ಪಕ್ಕದ ಮಸ್ಜಿದೆ ಅಕ್ಸಾದಲ್ಲಿ ನಮಾಜು ನಡೆಯುತ್ತದೆ, ವರ್ಷಕ್ಕೊಮ್ಮೆ ಗಂಧದ ಮೆರವಣಿಗೆ ಬಂದು ಉರುಸು ಆಗುತ್ತದೆ. ಅದಕ್ಕೆ ಬೇಕಾದದ್ದು ಗ್ರೀಕರು ಮಾಡಿದಂಥ ದೊಡ್ಡ ಸಾಹಸವಲ್ಲ, ಎಡೆಬಿಡದ ಸಣ್ಣ ಆರೈಕೆ. ಅದರ ಮುಖ್ಯ ಶತ್ರು ನೀರು. ನದಿಯ ಎರಡು ಕವಲುಗಳ ನಡುವಿನ ದ್ವೀಪ, ಪೂರ್ವಕ್ಕೆ ಸಂಗಮ, ನೆಲದಲ್ಲಿ ಸದಾ ತೇವ. ಗುಮ್ಮಟದ ಗಾರೆ ಎಲ್ಲೋ ಒಂದು ಕೂದಲೆಳೆಯಷ್ಟು ಬಿರಿಯುತ್ತದೆ, ಹಕ್ಕಿ ಹಾಕಿದ ಅರಳಿಯ ಬೀಜ ಅಲ್ಲಿ ಚಿಗುರುತ್ತದೆ, ಬೇರು ಇಟ್ಟಿಗೆಯ ಸಂದಿಗೆ ಇಳಿಯುತ್ತದೆ. ಗಿಡವನ್ನು ಮೇಲಿನಿಂದ ಕಿತ್ತರೆ ಸಾಲದು, ಬೇರು ಸಾಯುವಂತೆ ಮಾಡಿ ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಇಲ್ಲೇ ಎಲ್ಲರೂ ಮಾಡುವ ತಪ್ಪು ಸಿಮೆಂಟಿನದು. ಹಳೆಯ ಗೋಡೆ ಒಳಗಿನ ತೇವವನ್ನು ಸುಣ್ಣದ ಪದರದ ಮೂಲಕ ಹೊರಕ್ಕೆ ಬಿಡುತ್ತಿರುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ನೀರಿಗೆ ದಾರಿ ಮುಚ್ಚುತ್ತದೆ. ಅದು ಒಳಗೇ ಏರಿ, ಉಪ್ಪನ್ನು ಹೊತ್ತು ತಂದು, ಒಂದೆರಡು ಮಳೆಗಾಲದಲ್ಲೇ ಹಳೆಯ ಗಾರೆಯನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಗಟ್ಟಿಯೆಂದು ಹಾಕಿದ್ದೇ ಕಟ್ಟಡವನ್ನು ಸಡಿಲಿಸುತ್ತದೆ.

ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಮರಳು, ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕಿ, ಗಾಣದಲ್ಲಿ ಅರೆದು ಮಾಡುವ ಗಾರೆಯ ಹದ ಗೊತ್ತಿರುವ ಕೆಲಸಗಾರರು ಮೈಸೂರು ಸೀಮೆಯಲ್ಲಿ ಈಗಲೂ ಇದ್ದಾರೆ, ಆದರೆ ಬೆರಳೆಣಿಕೆಯಷ್ಟು. ಅವರಿಗೆ ವರ್ಷವಿಡೀ ಕೆಲಸ ಸಿಗದಿದ್ದರೆ ಮಕ್ಕಳು ಆ ಕೆಲಸ ಕಲಿಯುವುದಿಲ್ಲ. ಟೆಂಡರು ಕರೆದು, ಆರು ತಿಂಗಳಲ್ಲಿ ಮುಗಿಸಿ, ಆಮೇಲೆ ಹತ್ತು ವರ್ಷ ತಿರುಗಿ ನೋಡದ ಪದ್ಧತಿ ಗಾರೆಯ ಕೆಲಸಕ್ಕೆ ಒಗ್ಗುವುದಿಲ್ಲ. ಸ್ಮಾರಕದ ಆರೈಕೆ ಎಂದರೆ ಕೈಗಳ ಆರೈಕೆಯೂ ಹೌದು.

ಹೊರಗಿನ ಗೋರಿಗಳ ದುರಸ್ತಿಯಲ್ಲಿ ಇನ್ನೊಂದು ಅಪಾಯವಿದೆ. ನಮ್ಮ ದೇಶದ ಮುಸ್ಲಿಂ ಗೋರಿಗಳಲ್ಲಿ ಗಂಡಸಿನದಾದರೆ ಮೇಲೆ ಕಲಮದಾನಿಯಂಥ ಉದ್ದನೆಯ ಉಬ್ಬು, ಹೆಂಗಸಿನದಾದರೆ ಬರೆಯುವ ಹಲಗೆಯಂಥ ಸಪಾಟು ಕಲ್ಲು ಇಡುವ ರೂಢಿ ಹಲವೆಡೆ ಇದೆ. ಹೆಸರು ಅಳಿದುಹೋದ ಗೋರಿಯಲ್ಲಿ ಮಲಗಿರುವವರು ಗಂಡೋ ಹೆಣ್ಣೋ ಎಂದು ತಿಳಿಯಲು ಉಳಿಯುವುದು ಅದೊಂದೇ. ಒಂದಂಗುಲ ದಪ್ಪ ಗಿಲಾವು ಬಳಿದು ನುಣ್ಣಗೆ ಮಾಡಿಬಿಟ್ಟರೆ ಆ ಗುರುತೂ ಹೋಯಿತು. ಪಾರಸೀ ಬರಹಗಳ ವಿಷಯ ಇನ್ನೂ ನಾಜೂಕು. ಗುಂಬಜಿನಲ್ಲಿರುವ ಪದ್ಯಗಳಲ್ಲಿ ಕೆಲವು ಕಾಲಸೂಚಕಗಳು. ಅಕ್ಷರ ಅಕ್ಷರಕ್ಕೂ ಒಂದು ಸಂಖ್ಯೆಯಿದ್ದು, ಅವನ್ನು ಕೂಡಿದರೆ ಸಾವಿನ ಹಿಜರಿ ವರ್ಷ ಬರುತ್ತದೆ. ಈ ಲೆಕ್ಕದಲ್ಲಿ ‘ಖ’ ಧ್ವನಿಯ ಅಕ್ಷರಕ್ಕೆ 600, ಅದೇ ಆಕಾರದ ‘ಹ’ಗೆ 8. ಎರಡಕ್ಕೂ ಇರುವ ವ್ಯತ್ಯಾಸ ತಲೆಯ ಮೇಲಿನ ಒಂದು ಚುಕ್ಕೆ. ಸುಣ್ಣ ಬಳಿಯುವ ಕುಂಚ ಆ ಚುಕ್ಕೆಯನ್ನು ಮುಚ್ಚಿದರೆ ಲೆಕ್ಕದಲ್ಲಿ 592 ವರ್ಷ ಕಾಣೆಯಾಗುತ್ತದೆ. ಬಣ್ಣ ಬಳಿಯುವ ಮೊದಲು ಒಂದೊಂದು ಸಾಲನ್ನೂ ಚಿತ್ರ ತೆಗೆದು, ಓದಬಲ್ಲವರಿಂದ ಓದಿಸಿ, ದಾಖಲು ಮಾಡಿಯೇ ಮುಂದಕ್ಕೆ ಹೋಗಬೇಕೆನ್ನುವುದು ಈ ಕಾರಣಕ್ಕೆ.

ಬಾಗಿಲಿನ ದಂತದ ಕುಸುರಿಯಲ್ಲಿ ಒಂದು ಚೂರು ಉದುರಿದರೆ ಏನು ಮಾಡುವುದು? ದಂತದ ವ್ಯಾಪಾರ ದೇಶದಲ್ಲಿ ನಿಷಿದ್ಧ, ಆ ನಿಷೇಧ ಸರಿಯಾದದ್ದೂ ಹೌದು. ಮೈಸೂರಿನ ಬೀಟೆಮರದ ಕುಸುರಿ ಕೆಲಸದವರು ಒಂದು ಕಾಲಕ್ಕೆ ದಂತವನ್ನೇ ಕೂರಿಸುತ್ತಿದ್ದವರು. ಈಗ ಬಿಳಿ ಮರ, ಇತರ ವಸ್ತುಗಳಲ್ಲಿ ಅಷ್ಟೇ ಸೂಕ್ಷ್ಮವಾಗಿ ಕೆಲಸ ಮಾಡುತ್ತಾರೆ. ದಂತದ ಹಾಗೆಯೇ ಕಾಣುವ ಪ್ಲಾಸ್ಟಿಕ್ಕನ್ನು ತುಂಬಿ ಕಣ್ಣಿಗೆ ಮರೆಮಾಚುವುದು ಒಂದು ದಾರಿ. ದೂರದಿಂದ ನೋಡಿದರೆ ಚಿತ್ರ ಪೂರ್ಣವಾಗಿ ಕಾಣುವಂತೆ, ಹತ್ತಿರ ಹೋದರೆ ಇದು ಆಮೇಲಿನ ತೇಪೆ ಎಂದು ತಿಳಿಯುವಂತೆ, ಬೇರೆ ಬಣ್ಣದ ಮರದಲ್ಲಿ ತುಂಬುವುದು ಇನ್ನೊಂದು ದಾರಿ. ಎರಡನೆಯದೇ ಪ್ರಾಮಾಣಿಕವಾದದ್ದು. ತೇಪೆ ಹಾಕಿದ್ದನ್ನು ಮರೆಮಾಚಬೇಕಾಗಿಲ್ಲ, ಅದೂ ಆ ಬಾಗಿಲಿನ ಚರಿತ್ರೆಯ ಮುಂದಿನ ಸಾಲು.

ಭಕ್ತಿಯಿಂದ ಬರುವವರ ಕಡೆಯಿಂದ ಒಂದು ನ್ಯಾಯವಾದ ತಕರಾರಿದೆ. ಇದು ಸತ್ತ ಕಲ್ಲಲ್ಲ, ನಾವು ಚಾದರ ಹೊದಿಸಿ ಹೂವಿಡುವ ಜಾಗ. ಹಳತಾದ ಬಣ್ಣ, ಬಿರಿದ ಗಾರೆ ನಮ್ಮ ಕಣ್ಣಿಗೆ ಅಗೌರವ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿದ ಹಾಗೆ ಇಲ್ಲೂ ಹೊಸದಾಗಿ ಬಳಿಯಬಾರದೇಕೆ ಎಂದು ಅವರು ಕೇಳುತ್ತಾರೆ. ಪುರಾತತ್ವ ಇಲಾಖೆಯ ಮಹಾನಿರ್ದೇಶಕನಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿಯಲ್ಲೇ ಈ ಪ್ರಶ್ನೆಗೆ ಜಾಗವಿತ್ತು. ಮೂಲದ್ದನ್ನು ಕಾಪಾಡಬೇಕು, ಹೊಸದು ಮಾಡಬಾರದು ಎಂದು ಹಠ ಹಿಡಿದ ಅವನೂ ಬಳಕೆಯಲ್ಲಿರುವ ಕಟ್ಟಡಗಳಲ್ಲಿ ಹೆಚ್ಚಿನ ದುರಸ್ತಿ ಬೇಕಾಗಬಹುದೆಂದು ಒಪ್ಪಿದ್ದ. ಆ ಒಪ್ಪಿಗೆ ಸರಿಯಾದದ್ದು. ಹೊರಗೋಡೆಗೆ ಸುಣ್ಣ ಬಳಿಯುವುದು ಕಟ್ಟಡವನ್ನು ಕಾಪಾಡುವ ಕೆಲಸವೇ, ಸವೆದ ಪದರವನ್ನು ಆಗಾಗ ಹೊಸದು ಮಾಡಲೆಂದೇ ಇರುವ ವಿಧಾನ ಅದು. ಆಕ್ಷೇಪ ಇರುವುದು ಪ್ಲಾಸ್ಟಿಕ್ ಎಮಲ್ಷನ್ನಿಗೆ, ಬರಹದ ಮೇಲಿನ ಕುಂಚಕ್ಕೆ, ಒಳಗಿನ ಹುಲಿಪಟ್ಟೆಯನ್ನು ಕಣ್ಣಳತೆಯಲ್ಲಿ ಮತ್ತೆ ಎಳೆಯುವುದಕ್ಕೆ. ಪಟ್ಟೆಯ ಒಂದು ಚೌಕವನ್ನಾದರೂ ಮುಟ್ಟದೆ ಬಿಟ್ಟರೆ ನಾಳೆ ಬರುವ ಸಂರಕ್ಷಕನಿಗೆ ಹಳೆಯ ಬಣ್ಣವನ್ನು ಪರೀಕ್ಷಿಸಲು ಆಧಾರ ಉಳಿಯುತ್ತದೆ. ಶ್ರದ್ಧೆಗೂ ಸಂರಕ್ಷಣೆಗೂ ಇಲ್ಲಿ ನಿಜವಾದ ಜಗಳವಿಲ್ಲ, ಸುಣ್ಣ ಇಬ್ಬರಿಗೂ ಹಿಡಿಸುವ ಪದಾರ್ಥ.

ಇನ್ನೊಂದು ತಕರಾರು ರಾಜಕೀಯದ್ದು. ಟಿಪ್ಪುವಿನ ಹೆಸರು ಕೇಳಿದರೆ ಕರ್ನಾಟಕ ಇಬ್ಭಾಗವಾಗುತ್ತದೆ. ಕೊಡಗಿನವರಿಗೆ, ಮಂಗಳೂರಿನ ಕ್ರೈಸ್ತರಿಗೆ, ಮೇಲುಕೋಟೆಯ ಮಂಡಯಂ ಅಯ್ಯಂಗಾರರಿಗೆ ಆ ಹೆಸರಿನ ಜೊತೆ ನೋವಿನ ನೆನಪುಗಳಿವೆ. ಅಂಥವನ ಗೋರಿಗೆ ಸರ್ಕಾರದ ಹಣ ಏಕೆ ಎಂದು ಕೇಳುವವರ ನೋವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸಂರಕ್ಷಣೆ ಎಂಬುದು ಪ್ರಶಸ್ತಿ ಪ್ರದಾನವಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಗೋರಿಯೊಳಗಿರುವವನ ನಡತೆಯನ್ನು ತೂಗಿ ರಕ್ಷಣೆ ಕೊಡುವುದಿಲ್ಲ. ಶ್ರೀರಂಗಪಟ್ಟಣದಲ್ಲೇ ಟಿಪ್ಪುವಿನ ವಿರುದ್ಧ ಹೋರಾಡಿದವರ ಗೋರಿಗಳಿವೆ. ಸೆರೆಯಲ್ಲಿ 1782ರಲ್ಲಿ ಸತ್ತ ಕರ್ನಲ್ ಬೈಲಿಗೆ ಅವನ ಬಂಧು 1816ರಲ್ಲಿ ಕಟ್ಟಿಸಿದ ಸಮಾಧಿ ಗುಂಬಜಿನ ಮಗ್ಗುಲಲ್ಲೇ ಇದೆ. ಕೋಟೆಯ ಹೊರಗೆ ಯುರೋಪಿಯನ್ ಪಡೆಗಳವರ ಸ್ಮಶಾನವಿದೆ. ಗೆದ್ದವರ ಗೋರಿಗಳಿಗೊಂದು ಅಳತೆ, ಸೋತವನ ಗೋರಿಗೊಂದು ಅಳತೆ ಎಂದಾದರೆ ಮುಂದಿನವರು ಓದಬೇಕಾದ ಚರಿತ್ರೆಯ ಹಾಳೆಗಳನ್ನು ನಾವೇ ಹರಿದಂತೆ. ಅಷ್ಟಕ್ಕೂ ಆ ಗುಮ್ಮಟದಡಿ ಅವನೊಬ್ಬನೇ ಇಲ್ಲ. ದೊರೆಯ ಮೇಲಿನ ಸಿಟ್ಟನ್ನು ಅವನ ತಾಯಿಯ, ದಾಯಿಯ, ಎಳೆಯ ಮಕ್ಕಳ ಗೋರಿಗಳ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯವೂ ಆಗಲಾರದು.

ಈ ಕುಟುಂಬದ ಗೋರಿ ಗಂಜಾಂನ ಬೇಲಿಯೊಳಗೇ ಮುಗಿಯುವುದೂ ಇಲ್ಲ. ತಾತ ಕೋಲಾರದಲ್ಲಿದ್ದಾನೆ. 1799ರ ನಂತರ ಹೆಂಡಿರು ಮಕ್ಕಳನ್ನು ವೆಲ್ಲೂರಿನ ಕೋಟೆಗೆ ಸಾಗಿಸಿದರು. ಹೈದರನ ವಿಧವೆ ಬಕ್ಷಿ ಬೇಗಂ, ಟಿಪ್ಪುವಿನ ಪತ್ನಿ ಪಾದಶಾ ಬೇಗಂ ಮೊದಲಾದವರು ಅಲ್ಲಿಯೇ ಮಣ್ಣಾದರು. 1806ರ ಜುಲೈನ ವೆಲ್ಲೂರು ದಂಗೆಯ ಮೇಲೆ ಗಂಡುಮಕ್ಕಳನ್ನು ಕೋಲ್ಕತ್ತಕ್ಕೆ ಕಳಿಸಿದರು. ಅವರ ಖಬರಸ್ತಾನ ಆ ನಗರದ ದಕ್ಷಿಣ ಭಾಗದಲ್ಲಿದೆ. ಮಗ ಗುಲಾಂ ಮುಹಮ್ಮದ್ 1842ರಲ್ಲಿ ಧರ್ಮತಲಾದಲ್ಲಿ ಕಟ್ಟಿಸಿದ ಮಸೀದಿಯನ್ನು ಇಂದಿಗೂ ಅಲ್ಲಿನವರು ಟಿಪ್ಪು ಸುಲ್ತಾನ್ ಮಸೀದಿ ಎಂದೇ ಕರೆಯುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ ಮೈಸೂರಿನ ಒಡೆಯರ ಮನೆತನದ ಒಂದು ಸ್ಮಾರಕವೂ ಅದೇ ಕೋಲ್ಕತ್ತದಲ್ಲಿದೆ. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ 28ರಂದು ಅಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆ ಅಲ್ಲಿಯೇ ನಡೆಯಿತು. ಕಿಯೋರಾತಲಾ ಘಾಟಿನ ಬಳಿ ನಮ್ಮ ಕಡೆಯ ಗುಡಿಯ ಮಾದರಿಯಲ್ಲಿ ಸ್ಮಾರಕ ಕಟ್ಟಿ, ಆ ಜಾಗಕ್ಕೆ ಮೈಸೂರು ಗಾರ್ಡನ್ ಎಂದು ಹೆಸರಾಯಿತು. ಉಳಿದ ಹಲವು ಅರಸರ ಸಮಾಧಿಗಳು ಮೈಸೂರಿನ ಮಧುವನದಲ್ಲಿವೆ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ ಅಂತ್ಯಕ್ರಿಯೆ ನಡೆದಾಗ ಎಷ್ಟೋ ಮೈಸೂರಿಗರು ಆ ಜಾಗವನ್ನು ಮೊದಲ ಸಲ ಕಂಡರು. ಮಧುವನಕ್ಕೂ ಇದೇ ವಾದ ಅನ್ವಯಿಸುತ್ತದೆ: ಅದು ಸಹ ಒಂದು ದಿನದಲ್ಲಿ ಮುಗಿದ ಕಟ್ಟಡವಲ್ಲ, ಒಂದು ಮನೆತನ ತನ್ನವರನ್ನು ಒಬ್ಬೊಬ್ಬರಾಗಿ ಕಳಿಸಿಕೊಟ್ಟ ಜಾಗ.

ಆದ್ದರಿಂದ ಪುರಾತತ್ವ ಇಲಾಖೆಯ ಮುಂದೆ, ಗುಂಬಜಿನ ಉಸ್ತುವಾರಿಯಲ್ಲಿ ಪಾಲಿರುವ ವಕ್ಫ್ ಎಸ್ಟೇಟಿನ ಮುಂದೆ ಇಡಬೇಕಾದ ಕೋರಿಕೆ ದೊಡ್ಡದಲ್ಲ, ದುಬಾರಿಯದೂ ಅಲ್ಲ. ಒಳಗಿನ ಮೂರು ಗೋರಿಗಳಷ್ಟೇ ಅಲ್ಲ, ಕಟ್ಟೆ, ಮೊಗಸಾಲೆ, ತೋಟಗಳಲ್ಲಿರುವ ಪ್ರತಿಯೊಂದು ಗೋರಿಯನ್ನೂ ಎಣಿಸಿ, ಅಳೆದು, ಚಿತ್ರ ತೆಗೆದು, ಪಾರಸೀ ಬರಹವನ್ನು ಓದಿಸಿ, ಹೆಸರು ಗೊತ್ತಿರುವವರ ಹೆಸರನ್ನು ಕನ್ನಡದಲ್ಲಿ ಫಲಕದ ಮೇಲೆ ಬರೆಯಿಸಿ. ಯಾರದೆಂದು ತಿಳಿಯದ ಗೋರಿಯ ಮುಂದೆ ತಿಳಿಯದು ಎಂದೇ ಬರೆಯಿಸಿ. ಬೇಲೂರಿನ ಗುಂಡ ದಂಡನಾಯಕ ಮಾಡಿದಂತೆ ಇಲ್ಲಿ ನಡೆದ ದುರಸ್ತಿಗಳನ್ನು, ಯಾವ ವರ್ಷ ಏನು ಮಾಡಿದಿರಿ, ಯಾವ ಗಾರೆ ಹಾಕಿದಿರಿ ಎಂಬುದನ್ನು ಜನ ಓದುವ ಕಡೆ ಪ್ರಕಟಿಸಿ. ಓದುಗರಲ್ಲಿಯೂ ಒಂದು ಮನವಿ: ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಗುಂಬಜಿಗೆ ಹೋದಾಗ ಮೆಟ್ಟಿಲಿಳಿಯುವ ಮುನ್ನ ಕಟ್ಟೆಯನ್ನು ಒಮ್ಮೆ ಪೂರ್ತಿ ಸುತ್ತಿ ಬನ್ನಿ, ಹೊರಗಿನ ಗೋರಿಗಳ ಮೇಲೆ ಕೂರಬೇಡಿ, ಅಲ್ಲಿ ಮಲಗಿರುವವರು ಯಾರೆಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಕೇಳುವವರು ಹೆಚ್ಚಾದರೆ ಫಲಕ ಬೇಗ ಬರುತ್ತದೆ.